ನೂರಮೂವತ್ತೇಳನೆಯ ಸಂಚಿಕೆ

ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನ ಮನೆಗೆ ಹೋಗಿದ್ದಾಗ, ಹೊರಗೆ ಮೊಣಕಾಲುದ್ದ ಹಿಮ ಬಿದ್ದು ಎಲ್ಲಿಗೂ ಹೊರಡುವಂತಿಲ್ಲದ ಒಂದು ಭಾನುವಾರದ ಮಧ್ಯಾಹ್ನ, ಅವನು ನನ್ನನ್ನು ಮನೆಯ ನೆಲಮಾಳಿಗೆಗೆ ಕರೆದುಕೊಂಡು ಹೋದನು. ಗೋಡೆಯ ಉದ್ದಕ್ಕೂ ಬಿಳಿಯ ರಟ್ಟಿನ ನೀಳವಾದ ಪೆಟ್ಟಿಗೆಗಳು ಒಂದರ ಮೇಲೊಂದು ಅಡಕವಾಗಿ ನಿಂತಿದ್ದವು. ಪ್ರತಿಯೊಂದರ ಮುಖದಲ್ಲಿಯೂ ಮಸಿಯಿಂದ ಬರೆದ ಅಂಕಿಗಳಿದ್ದವು. ಆದಾಯ ತೆರಿಗೆಯ ಕಾಗದಪತ್ರಗಳಿರಬೇಕೆಂದು ನಾನು ಊಹಿಸಿದೆನು. ಐವತ್ತು ದಾಟಿದವನು, ಕಾರಖಾನೆಯೊಂದರಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸುವ ಇಂಜಿನಿಯರು, ಬೆಳೆದ ಇಬ್ಬರು ಮಕ್ಕಳ ತಂದೆ. ಅಂಥವನು ಅಷ್ಟು ಜೋಪಾನವಾಗಿ ಕಾಪಾಡತಕ್ಕದ್ದು ಮತ್ತೇನಿದ್ದೀತು? ಅವನು ಒಂದು ಪೆಟ್ಟಿಗೆಯ ಮುಚ್ಚಳವನ್ನು ತೆಗೆದು, ಪಾರದರ್ಶಕವಾದ ಪ್ಲಾಸ್ಟಿಕ್ ಚೀಲದೊಳಗೆ ಬೆನ್ನಿಗೆ ರಟ್ಟು ಕೊಟ್ಟು ನಿಲ್ಲಿಸಿದ್ದ ಒಂದು ತೆಳುವಾದ ಬಣ್ಣದ ಪುಸ್ತಕವನ್ನು ಎರಡು ಬೆರಳುಗಳಿಂದ ಮೇಲಕ್ಕೆತ್ತಿ, ಅದನ್ನು ನನ್ನ ಕಡೆಗೆ ಚಾಚಿದವನು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡನು.

"ಮಾವ, ಕೈ ತೊಳ್ಕೊಂಡಿದೀರಾ?"

"ಊಟ ಆದ್ಮೇಲೆ ತೊಳ್ಕೊಂಡೆನಲ್ಲಪ್ಪ."

"ಚೆನ್ನಾಗಿ ಒರೆಸ್ಕೊಂಡ್ರಾ?"

ದೇವರ ಕೋಣೆಯಲ್ಲಿ ನನ್ನ ತಾಯಿ ಕೇಳುತ್ತಿದ್ದ ಪ್ರಶ್ನೆಯನ್ನು ಅರ್ಧ ಶತಮಾನದ ತರುವಾಯ, ಹಿಮದ ನಾಡಿನ ನೆಲಮಾಳಿಗೆಯೊಂದರಲ್ಲಿ, ಅವಳ ಮೊಮ್ಮಗನ ಬಾಯಿಂದ ಕೇಳಿ ನನಗೆ ನಗು ಬಂದಿತು. ಅವನು ನಗಲಿಲ್ಲ. ಅವನ ಕೈಯಲ್ಲಿದ್ದದ್ದು ಎಕ್ಸ್-ಮೆನ್ ಎಂಬ ಕಾಮಿಕ್ಸ್ ಸರಣಿಯ 137ನೆಯ ಸಂಚಿಕೆ, ಮುಖಪುಟದ ಮೇಲೆ 1980ರ ಸೆಪ್ಟೆಂಬರ್ ಎಂದು ಮುದ್ರಿತವಾದದ್ದು. ಹತ್ತು ವರ್ಷದ ಹುಡುಗನಾಗಿದ್ದಾಗ ಔಷಧದ ಅಂಗಡಿಯ ತಿರುಗುವ ತಂತಿಯ ಕಪಾಟಿನಿಂದ ಎಪ್ಪತ್ತೈದು ಸೆಂಟು ಕೊಟ್ಟು ಅವನು ತಂದದ್ದು. ಮಿಕ್ಕ ಸಂಚಿಕೆಗಳಿಗಿಂತ ಇಮ್ಮಡಿ ದಪ್ಪವಾದ ಆ ಪುಸ್ತಕಕ್ಕೆ ಬೆಲೆಯೂ ಹೆಚ್ಚಾಗಿದ್ದಿತು. ಅಮ್ಮ ಕೊಟ್ಟ ಚಿಲ್ಲರೆ ಸಾಲದೆ ಅಕ್ಕನ ಹುಂಡಿಗೆ ಕೈ ಹಾಕಿದುದನ್ನು ಅವನು ನನ್ನೆದುರು ಅಂದು ಮೊದಲಬಾರಿಗೆ ಒಪ್ಪಿಕೊಂಡನು.

ಕನ್ನಡದ ಮಕ್ಕಳು ಚಿತ್ರಕಥೆಗಳನ್ನು ಅರಿಯದವರೇನೂ ಅಲ್ಲ. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬಂದು ಫ್ಯಾಂಟಮ್‌ನನ್ನು ನಮ್ಮ ಊರೂರಿಗೆ ತಲುಪಿಸಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು 1967ರಲ್ಲಿ ತೊಡಗಿಸಿದ ಅಮರ ಚಿತ್ರಕಥೆಯು ಪುರಾಣ ಇತಿಹಾಸಗಳನ್ನು ಬಣ್ಣದಲ್ಲಿ ಬಿಡಿಸಿ ಮನೆಮನೆಗೆ ಒಯ್ದಿತು. ಆದರೆ ಇವುಗಳಿಗೂ ನನ್ನ ಸೋದರಳಿಯನ ಪೆಟ್ಟಿಗೆಯಲ್ಲಿದ್ದ ಪುಸ್ತಕಗಳಿಗೂ ಮೂಲದಲ್ಲಿಯೇ ಒಂದು ಭೇದವುಂಟು. ಅಮರ ಚಿತ್ರಕಥೆಯ ಪುಸ್ತಕವೊಂದನ್ನು ಕೈಗೆತ್ತಿಕೊಂಡರೆ ಕಥೆ ಅಲ್ಲಿಯೇ ತೊಡಗಿ ಅಲ್ಲಿಯೇ ಮುಗಿಯುತ್ತದೆ. ಕರ್ಣನು ಹುಟ್ಟಿ, ಬೆಳೆದು, ರಥದ ಗಾಲಿ ಹೂತು, ಕೊನೆಯ ಪುಟದಲ್ಲಿ ಮಡಿಯುತ್ತಾನೆ. ಅಮೆರಿಕದ ಸೂಪರ್‌ಹೀರೋ ಸರಣಿಯಾದರೋ ತಿಂಗಳು ತಿಂಗಳೂ ಹೊರಡುತ್ತ, ಒಂದು ಸಂಚಿಕೆಯ ಕೊನೆಯನ್ನು ಮುಂದಿನ ಸಂಚಿಕೆಯ ಮೊದಲಿಗೆ ಗಂಟುಹಾಕುತ್ತ, ಬರೆಯುವವರು ಹೋಗಿ ಬೇರೆಯವರು ಬಂದರೂ, ಚಿತ್ರಕಾರರು ಹೋಗಿ ಬೇರೆಯವರು ಬಂದರೂ, ಓದುಗರ ಒಂದು ತಲೆಮಾರು ಮುದಿಯಾಗಿ ಇನ್ನೊಂದು ಹುಟ್ಟಿದರೂ, ತಾನು ಮಾತ್ರ ಮುಗಿಯಲೊಲ್ಲದೆ ಸಾಗುವ ಕಥೆ. ಎಕ್ಸ್-ಮೆನ್ 1963ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಇಂದಿಗೂ ಅದರ ಮಂಗಳವನ್ನು ಯಾರೂ ಹಾಡಿಲ್ಲ.

ಕಥೆಯ ಬೀಜ ಸರಳವಾದುದು. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ವೆಸ್ಟ್‌ಚೆಸ್ಟರ್ ಪ್ರಾಂತದಲ್ಲಿ ಪ್ರೊಫೆಸರ್ ಝೇವಿಯರ್ ಎಂಬ, ಗಾಲಿಕುರ್ಚಿಯಲ್ಲಿ ಕುಳಿತೇ ಪರರ ಮನಸ್ಸನ್ನು ಓದಬಲ್ಲ, ಬೋಳುತಲೆಯ ಗುರುವೊಬ್ಬನು ಒಂದು ಶಾಲೆಯನ್ನು ನಡೆಸುತ್ತಾನೆ. ಅಲ್ಲಿಯ ವಿದ್ಯಾರ್ಥಿಗಳು ಮ್ಯೂಟೆಂಟರು, ಎಂದರೆ ಹುಟ್ಟಿನಿಂದಲೇ ಮಿಕ್ಕವರಿಗಿಲ್ಲದ ಒಂದು ಶಕ್ತಿಯನ್ನು ಪಡೆದು ಬಂದವರು. ಸಾಮಾನ್ಯವಾಗಿ ಹರೆಯದ ಹೊಸ್ತಿಲಲ್ಲಿ ಪ್ರಕಟವಾಗುವ ಆ ಶಕ್ತಿಯು ಅವರಿಗೆ ವರವಾಗುವಷ್ಟೇ ಶಾಪವೂ ಆಗುತ್ತದೆ. ಏಕೆಂದರೆ ಯಾವ ಲೋಕವನ್ನು ಅವರು ಕಾಪಾಡುತ್ತಾರೆಯೋ ಆ ಲೋಕವೇ ಅವರನ್ನು ಕಂಡು ಹೆದರಿ ದ್ವೇಷಿಸುತ್ತದೆ. ಸ್ಟ್ಯಾನ್ ಲೀ ಬರೆದು ಜ್ಯಾಕ್ ಕರ್ಬಿ ಚಿತ್ರಿಸಿದ ಈ ಕಥೆಯಲ್ಲಿ ಮೊದಲಿಗೆ ಐವರು ಶಿಷ್ಯರು. ಕಣ್ಣಿನಿಂದ ಕೆಂಪು ಕಿರಣ ಹೊಮ್ಮಿಸುವ ಸ್ಕಾಟ್ ಸಮ್ಮರ್ಸ್, ಕೈ ಸೋಕಿಸದೆ ವಸ್ತುಗಳನ್ನು ಚಲಿಸಬಲ್ಲ ಜೀನ್ ಗ್ರೇ, ಹಾಗೂ ಇನ್ನು ಮೂವರು. ಉದ್ದೇಶ ಒಳ್ಳೆಯದಾಗಿದ್ದರೂ ಮಾರಾಟ ಒಳ್ಳೆಯದಾಗಲಿಲ್ಲ. 1970ರ ಮಾರ್ಚಿನ 66ನೆಯ ಸಂಚಿಕೆಯೊಡನೆ ಹೊಸ ಕಥೆಗಳು ನಿಂತುಹೋದವು. ಕೆಲವು ತಿಂಗಳು ಬಿಟ್ಟು, ಹಳೆಯವುಗಳನ್ನೇ ಮರುಮುದ್ರಿಸುತ್ತ 93ನೆಯ ಸಂಚಿಕೆಯವರೆಗೆ ಸರಣಿಯು ಉಸಿರಾಡಿತಷ್ಟೆ.

ಆಮೇಲೆ 1975. ಮಾರ್ವೆಲ್ ಸಂಸ್ಥೆಯವರು ಬೇರೆಬೇರೆ ದೇಶಗಳ ವೀರರನ್ನು ಒಂದೇ ತಂಡದಲ್ಲಿ ಸೇರಿಸಿದರೆ ಆಯಾ ದೇಶಗಳಲ್ಲಿಯೂ ಪುಸ್ತಕ ಮಾರಾಟವಾದೀತೆಂಬ ಕೇವಲ ವ್ಯಾಪಾರದ ಎಣಿಕೆಯಿಂದ ಎಕ್ಸ್-ಮೆನ್ ಹೆಸರಿಗೆ ಮತ್ತೆ ಜೀವ ಕೊಡಲು ಯೋಚಿಸಿದರು. ಲೆನ್ ವೀನ್ ಬರೆದು ಡೇವ್ ಕಾಕ್ರಮ್ ಚಿತ್ರಿಸಿದ ವಿಶೇಷ ಸಂಚಿಕೆಯೊಂದು ಹೊರಟಿತು. ಅದರಲ್ಲಿ ಕೆನಡಾದ ವುಲ್ವರಿನ್, ಕೀನ್ಯಾದಲ್ಲಿ ದೇವತೆಯಂತೆ ಪೂಜೆಗೊಳ್ಳುತ್ತಿದ್ದ ಸ್ಟಾರ್ಮ್, ರಷ್ಯದ ಹೊಲದಿಂದ ಎದ್ದುಬಂದ ಕೊಲಾಸಸ್, ಜರ್ಮನಿಯ ನೈಟ್‌ಕ್ರಾಲರ್ ಮುಂತಾದವರು ಬಂದು ಸೇರಿದರು. ಈ ನೈಟ್‌ಕ್ರಾಲರನನ್ನು ಕುರಿತು ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆನು. ಮೈಯೆಲ್ಲ ಕಡುನೀಲಿ, ಹಳದಿಯ ಕಣ್ಣು, ಕೈಗೆ ಮೂರೇ ಬೆರಳು, ತುದಿಯಲ್ಲಿ ಬಾಣದ ಮೊನೆಯುಳ್ಳ ಬಾಲ. ಕ್ರೈಸ್ತರ ಚಿತ್ರಗಳಲ್ಲಿರುವ ಸೈತಾನನ ಪಡಿಯಚ್ಚು. ಮೊದಲ ಪುಟದಲ್ಲಿಯೇ ಊರಿನ ಜನ ಪಂಜು ಹಿಡಿದು ಅವನನ್ನು ಬೆನ್ನಟ್ಟುತ್ತಾರೆ. ಆದರೆ ಸರಣಿಯು ಮುಂದುವರಿದಂತೆ, ಆ ತಂಡದಲ್ಲೆಲ್ಲ ದೈವಭಕ್ತನೂ ವಿನೋದಪ್ರಿಯನೂ ಕೋಮಲಹೃದಯನೂ ಆದವನು ಅವನೇ ಎಂಬುದು ಓದುಗನಿಗೆ ತಿಳಿಯುತ್ತ ಹೋಗುತ್ತದೆ. ಬಿಳಿಯ ಹುಡುಗರೇ ತುಂಬಿದ ತರಗತಿಯಲ್ಲಿ, ಯಾವ ಉಪಾಧ್ಯಾಯರೂ ಒಮ್ಮೆಯೂ ಸರಿಯಾಗಿ ಉಚ್ಚರಿಸಲಾರದ ಹೆಸರನ್ನು ಹೊತ್ತು, ಡಬ್ಬಿಯಲ್ಲಿ ಚಿತ್ರಾನ್ನ ತಂದದ್ದಕ್ಕೆ ನಗೆಗೀಡಾಗಿ ಕುಳಿತಿದ್ದ ಮೈಸೂರು ಕಡೆಯ ಹುಡುಗನೊಬ್ಬನಿಗೆ ಈ ನೀಲಿಯ ಮೈಯವನು ಏನಾಗಿ ಕಂಡಿರಬಹುದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಪಾರದ ಎಣಿಕೆಯಿಂದ ಬಿತ್ತಿದ ಬೀಜವು ಯಾರೂ ನೆನೆಯದ ನೆಲದಲ್ಲಿ ಮೊಳೆತದ್ದು ಹೀಗೆ.

94ನೆಯ ಸಂಚಿಕೆಯಿಂದ ಲೇಖಣಿಯನ್ನು ಹಿಡಿದವನು ಕ್ರಿಸ್ ಕ್ಲೇರ್‌ಮಾಂಟ್, ಲಂಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ, ಆಗಿನ್ನೂ ಇಪ್ಪತ್ತೈದು ತುಂಬದ ತರುಣ. ಯಾರಿಗೂ ಬೇಡವಾಗಿದ್ದ ಸರಣಿಯೆಂದೇ ಅದು ಅವನ ಪಾಲಿಗೆ ಬಂದದ್ದು. ಅವನು ಅದನ್ನು 1991ರವರೆಗೆ ಹದಿನಾರು ವರ್ಷ ಕೈಬಿಡದೆ ಬರೆದನು. ಲೇಖಕರು ವರ್ಷಕ್ಕೊಬ್ಬರಂತೆ ಬದಲಾಗುವುದುಂಟಾದ ಆ ವ್ಯವಸಾಯದಲ್ಲಿ ಇದು ಒಂದು ದೀರ್ಘ ತಪಸ್ಸೇ ಸರಿ. ಆದರೂ ಕಥೆ ಅವನದಲ್ಲ. ಅವನಿಗಿಂತ ಹಿಂದೆ ಇತರರು ಬರೆದಿದ್ದರು, ಅವನ ತರುವಾಯ ಇತರರು ಬರೆದರು. ಗದುಗಿನ ನಾರಣಪ್ಪನು ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಲು, ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಉಳಿದ ಪರ್ವಗಳನ್ನು ಅದೇ ಷಟ್ಪದಿಯಲ್ಲಿ ಬರೆದು ಪೂರೈಸಿದನೆಂಬುದನ್ನು ಬಲ್ಲ ನಮಗೆ, ಒಬ್ಬನು ಇಳಿಸಿದ ಕಥೆಯನ್ನು ಇನ್ನೊಬ್ಬನು ಹೆಗಲಿಗೇರಿಸುವ ಪದ್ಧತಿ ಹೊಸದಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ತಿಮ್ಮಣ್ಣಕವಿಗೆ ಮುಂದೆ ವ್ಯಾಸರ ಕಥೆಯಿದ್ದಿತು, ಸ್ವರ್ಗಾರೋಹಣದಲ್ಲಿ ದಡವಿದ್ದಿತು. ಎಕ್ಸ್-ಮೆನ್ ಬರೆಯುವವನಿಗೆ ದಡವೇ ಇಲ್ಲ.

ದಡವಿಲ್ಲದ ಕಥೆಯನ್ನು ಓದುವ ರೀತಿಯೂ ಬೇರೆ. ಆ ಕಾಲದ ಒಂದು ಸಂಚಿಕೆಯಲ್ಲಿ ಮೂವತ್ತೆರಡು ಪುಟ. ಜಾಹೀರಾತು ಕಳೆದರೆ ಕಥೆಗೆ ಉಳಿಯುತ್ತಿದ್ದದ್ದು ಸುಮಾರು ಹದಿನೇಳು. ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ ಅಚ್ಚಾದ ಆ ಹದಿನೇಳು ಪುಟಗಳನ್ನು ಹುಡುಗನೊಬ್ಬನು ಹದಿನೈದು ನಿಮಿಷದಲ್ಲಿ ಓದಿ ಮುಗಿಸುತ್ತಾನೆ. ಆಮೇಲೆ ಮೂವತ್ತು ದಿನ. ಹೊಸ ತಂಡದ ಆರಂಭದ ವರ್ಷಗಳಲ್ಲಿಯಾದರೋ ಪುಸ್ತಕವು ಎರಡು ತಿಂಗಳಿಗೊಮ್ಮೆ ಹೊರಡುತ್ತಿದ್ದುದರಿಂದ ಅರುವತ್ತು ದಿನ. ಕ್ಲೇರ್‌ಮಾಂಟನ ಚಾತುರ್ಯವಿದ್ದದ್ದು ಈ ಮೂವತ್ತು ದಿನಗಳನ್ನು ತುಂಬುವುದರಲ್ಲಿ. ಅವನು ಮುಖ್ಯ ಕಥೆಯ ಮಗ್ಗುಲಲ್ಲಿ ಒಂದೆರಡು ಚೌಕಗಳಷ್ಟು ಜಾಗದಲ್ಲಿ ಸಣ್ಣ ಎಳೆಯೊಂದನ್ನು ಇಳಿಬಿಡುವನು. ಯಾರೋ ಅಪರಿಚಿತನೊಬ್ಬನು ಜೀನ್‌ಳನ್ನು ದೂರದಿಂದ ನೋಡುತ್ತಾನೆ, ಅವಳಿಗೆ ತಾನು ಕಾಣದ ಶತಮಾನವೊಂದರ ನೆನಪು ಕ್ಷಣಕಾಲ ಬಂದು ಹೋಗುತ್ತದೆ, ಅಷ್ಟೆ. ಆ ಎಳೆಯನ್ನು ಕೈಗೆತ್ತಿಕೊಳ್ಳಲು ತಿಂಗಳುಗಳೇ ಹಿಡಿದಾವು. ಹುಡುಗರು ಶಾಲೆಯ ಬಸ್ಸಿನಲ್ಲಿ ಕುಳಿತು ಆ ಅಪರಿಚಿತನು ಯಾರಿರಬಹುದೆಂದು ಜಗಳವಾಡುತ್ತಿದ್ದರು. ಹದಿನೇಳು ಪುಟ ಬರೆದವನು ಲೇಖಕ, ಆದರೆ ಮೂವತ್ತು ದಿನದ ಕಥೆಯನ್ನು ಕಟ್ಟುತ್ತಿದ್ದವರು ಈ ಬಸ್ಸಿನ ಹುಡುಗರು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳ ಕಾಲದಲ್ಲಿ, ಮುಂದಿನ ಕಂತು ಬರುವುದಕ್ಕೆ ಮೊದಲೇ ನಾಯಕಿಯ ಮದುವೆಯನ್ನು ಬಾವಿಕಟ್ಟೆಯ ಬಳಿ ನಿಶ್ಚಯ ಮಾಡಿ ಮುಗಿಸುತ್ತಿದ್ದ ನಮ್ಮ ಮನೆಯ ಹೆಂಗಸರು ಈ ಸುಖವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಆದುದರಿಂದ ಇಂಥ ಸರಣಿಯ ಅಭಿಮಾನಿಯ ಮುಖ್ಯ ಲಕ್ಷಣವು ಉತ್ಸಾಹವಲ್ಲ, ಸ್ಮೃತಿ. ಇನ್ನೂರು ಸಂಚಿಕೆಗಳ ಹಿಂದೆ ಒಬ್ಬಳು ಎಡಗೈಯವಳಾಗಿದ್ದರೆ ಇಂದು ಅವಳು ಬಲಗೈಯಲ್ಲಿ ಕತ್ತಿ ಹಿಡಿಯಕೂಡದು. ಹಿಂದಣದಕ್ಕೂ ಮುಂದಣದಕ್ಕೂ ವಿರೋಧ ಬಾರದಂತೆ ನಡೆಯಬೇಕಾದ ಈ ನಿಯಮವನ್ನು ಅವರು ಕಂಟಿನ್ಯೂಯಿಟಿ ಎನ್ನುತ್ತಾರೆ. ಕಥಾಸಾತತ್ಯವೆಂದು ನಾವು ಕರೆಯಬಹುದು. ಹೊಸದಾಗಿ ಬಂದ ಲೇಖಕನಿಗೆ ಇದೆಲ್ಲ ನೆನಪಿರುವುದು ಹೇಗೆ? ನೆನಪಿಡುವವನು ಓದುಗ. ತಪ್ಪು ಕಂಡೊಡನೆ ಅವನು ಪತ್ರ ಬರೆಯುತ್ತಾನೆ, ಆ ಪತ್ರವು ಪುಸ್ತಕದ ಹಿಂಭಾಗದಲ್ಲಿ ಅಚ್ಚಾಗುತ್ತದೆ. 1960ರ ದಶಕದಲ್ಲಿ ಸ್ಟ್ಯಾನ್ ಲೀ ಇದಕ್ಕೊಂದು ಸೊಗಸಾದ ಉಪಾಯವನ್ನು ಹೂಡಿದನು. ಸಂಚಿಕೆಯಲ್ಲಿ ತಪ್ಪು ಹುಡುಕಿ, ಅಷ್ಟಕ್ಕೇ ನಿಲ್ಲದೆ ಅದು ತಪ್ಪಲ್ಲವೆಂಬುದಕ್ಕೆ ತಾನೇ ಒಂದು ಸಮಾಧಾನವನ್ನೂ ಕಲ್ಪಿಸಿ ಬರೆದವನಿಗೆ 'ನೋ-ಪ್ರೈಸ್' ಎಂಬ ಬಹುಮಾನ. ಅಂಚೆಯಲ್ಲಿ ಬರುವ ಸುಂದರವಾದ ಲಕೋಟೆಯನ್ನು ಒಡೆದು ನೋಡಿದರೆ ಒಳಗೆ ಏನೂ ಇರುವುದಿಲ್ಲ! ಮೂಲದ ವಿರೋಧವನ್ನು ಪರಿಹರಿಸಿ ಅರ್ಥ ಹೊಂದಿಸುವ ವ್ಯಾಖ್ಯಾನಕಾರನ ಕೆಲಸವನ್ನು ಹನ್ನೆರಡು ವರ್ಷದ ಹುಡುಗರಿಂದ ಬರಿಯ ಲಕೋಟೆಯ ಬೆಲೆಗೆ ಮಾಡಿಸಿದ ಸಂಪಾದಕನನ್ನು ಮೆಚ್ಚಬೇಕೋ ಬಯ್ಯಬೇಕೋ ನಾನರಿಯೆ. ಆ ಬರಿಯ ಲಕೋಟೆಗಳನ್ನು ಕನ್ನಡಿ ಹಾಕಿಸಿ ಗೋಡೆಗೆ ತೂಗುಹಾಕಿದವರುಂಟು.

ಹೀಗೆ ನೆನಪಿನ ಕಾವಲುಗಾರನಾದವನು ಬಹುಕಾಲ ಹೊರಗೇ ನಿಲ್ಲುವನೆ? ಡೆಟ್ರಾಯಿಟ್ ನಗರದ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಜೆರ್ರಿ ಬೇಲ್ಸ್ ಎಂಬಾತನು 1961ರಲ್ಲಿ ಆಲ್ಟರ್ ಈಗೋ ಎಂಬ ಅಭಿಮಾನಿಗಳ ಪತ್ರಿಕೆಯನ್ನು ಕೈಯಚ್ಚಿನ ಯಂತ್ರದಲ್ಲಿ ಮುದ್ರಿಸಿ ಅಂಚೆಯ ಮೂಲಕ ಹಂಚಿದನು. ಅವನಿಗೆ ಜೊತೆಯಾದವನು ಮಿಸೌರಿಯ ರಾಯ್ ಥಾಮಸ್. ಇವರಿಬ್ಬರ ಪರಿಚಯವಾದದ್ದು ಹಳೆಯ ಸಂಚಿಕೆಗಳ ಹಂಬಲದಿಂದ: ಥಾಮಸನು ಹಳೆಯ ಸಂಚಿಕೆಗಳುಂಟೇ ಎಂದು ಲೇಖಕ ಗಾರ್ಡ್‌ನರ್ ಫಾಕ್ಸ್‌ಗೆ ಪತ್ರ ಬರೆದನು, ಅವುಗಳನ್ನು ಬೇಲ್ಸ್ ಆಗಲೇ ಕೊಂಡುಹೋದನೆಂದು ಉತ್ತರ ಬಂದಿತು, ಥಾಮಸನು ಬೇಲ್ಸ್‌ಗೆ ಬರೆದನು. ಮೇಷ್ಟ್ರ ಕೆಲಸದಲ್ಲಿದ್ದ ಈ ಥಾಮಸನು 1965ರಲ್ಲಿ ಮಾರ್ವೆಲ್ ಸಂಸ್ಥೆಯನ್ನು ಸೇರಿ, ಮರುವರ್ಷವೇ ಎಕ್ಸ್-ಮೆನ್ ಬರೆಯತೊಡಗಿ, 1972ರಲ್ಲಿ ಸ್ಟ್ಯಾನ್ ಲೀಯ ತರುವಾಯ ಪ್ರಧಾನ ಸಂಪಾದಕನ ಕುರ್ಚಿಯಲ್ಲಿ ಕುಳಿತನು.

ಜಿಮ್ ಶೂಟರನ ಕಥೆ ಇನ್ನೂ ವಿಲಕ್ಷಣವಾದುದು. ಪಿಟ್ಸ್‌ಬರ್ಗಿನ ಬಡ ಮನೆಯ ಹುಡುಗ, ಹನ್ನೆರಡನೆಯ ವಯಸ್ಸಿನಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಕ್ಕಳಿಗಾಗಿ ಇಟ್ಟಿದ್ದ ಕಾಮಿಕ್ಸ್ ರಾಶಿಯನ್ನು ನೋಡಿದನು. ಡಿಸಿ ಸಂಸ್ಥೆಯ ಪುಸ್ತಕಗಳು ಹೊಸದಾಗಿಯೇ ಉಳಿದಿದ್ದವು. ಮಾರ್ವೆಲ್ ಪುಸ್ತಕಗಳಾದರೋ ಓದಿ ಓದಿ ಹಾಳೆಯ ಮೂಲೆ ಮಡಿಸಿ ಜೀರ್ಣವಾಗಿದ್ದವು. ಮಾರಾಟದ ಅಂಕಿಗಳು ಹೇಳದ ಸತ್ಯವನ್ನು ಆ ಮಾಸಿದ ಅಂಚುಗಳು ಅವನಿಗೆ ಹೇಳಿದವು. ಚೆನ್ನಾಗಿಲ್ಲದ ಪುಸ್ತಕವನ್ನು ಚೆನ್ನಾಗಿ ಮಾಡಿಕೊಟ್ಟರೆ ತನಗೆ ಹಣ ಕೊಡುವರೆಂದು ಲೆಕ್ಕ ಹಾಕಿ, ಒಂದು ವರ್ಷ ಎರಡೂ ಬಗೆಯನ್ನು ಅಭ್ಯಾಸ ಮಾಡಿ, ಹದಿಮೂರನೆಯ ವಯಸ್ಸಿನಲ್ಲಿ ಡಿಸಿಯ ಲೀಜನ್ ಆಫ್ ಸೂಪರ್‌ಹೀರೋಸ್ ಎಂಬ ಸರಣಿಗೆ ತಾನೇ ಒಂದು ಕಥೆಯನ್ನು ಬರೆದು ಚಿತ್ರದ ಕರಡುಗಳೊಡನೆ ಅಂಚೆಗೆ ಹಾಕಿದನು. ಕಥೆ ಸ್ವೀಕೃತವಾಯಿತು, 1966ರ ಜುಲೈ ಸಂಚಿಕೆಯಿಂದ ಅವನ ಬರೆಹ ಅಚ್ಚಾಗತೊಡಗಿತು. ಆ ಹಣದಿಂದ ಮನೆಗೆ ಆಧಾರವಾದ ಆ ಹುಡುಗನೇ 1978ರಲ್ಲಿ ಮಾರ್ವೆಲ್ ಸಂಸ್ಥೆಯ ಪ್ರಧಾನ ಸಂಪಾದಕನಾದದ್ದು. ನನ್ನ ಸೋದರಳಿಯನ ಪೆಟ್ಟಿಗೆಯಲ್ಲಿದ್ದ 137ನೆಯ ಸಂಚಿಕೆಯು ಆ ರೂಪವನ್ನು ಪಡೆದದ್ದು ಇವನ ಹಟದಿಂದ.

ಜೀನ್ ಗ್ರೇ ಮೊದಲ ಸಂಚಿಕೆಯಿಂದಲೂ ಇದ್ದವಳು. 1976ರ 101ನೆಯ ಸಂಚಿಕೆಯಲ್ಲಿ, ಸೂರ್ಯನಿಂದ ಹೊಮ್ಮಿದ ವಿಕಿರಣದ ನಡುವೆ ಗೆಳೆಯರನ್ನು ಉಳಿಸಲು ಆಕಾಶನೌಕೆಯನ್ನು ತಾನೊಬ್ಬಳೇ ನಡೆಸಿಕೊಂಡು ಬಂದು, ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ನೀರಿಗೆ ಬಿದ್ದು, ಅಲ್ಲಿಂದ ಫೀನಿಕ್ಸ್ ಎಂಬ ಹೊಸ ಹೆಸರಿನಿಂದ ಅಪಾರ ಶಕ್ತಿಯೊಡನೆ ಎದ್ದಳು. ಜಾನ್ ಬರ್ನ್ ಎಂಬ ಚಿತ್ರಕಾರನು 108ನೆಯ ಸಂಚಿಕೆಯಿಂದ ಕ್ಲೇರ್‌ಮಾಂಟನ ಜೊತೆಗೂಡಿದನು. ಇವರಿಬ್ಬರೂ ಸೇರಿ ಆ ಶಕ್ತಿಯು ಅವಳನ್ನು ಸ್ವಲ್ಪ ಸ್ವಲ್ಪವಾಗಿ ಒಳಗಿನಿಂದ ಕೆಡಿಸುವುದನ್ನು ವರ್ಷಗಟ್ಟಲೆ ಬೆಳಸಿಕೊಂಡು ಬಂದರು. 135ನೆಯ ಸಂಚಿಕೆಯಲ್ಲಿ ಹಸಿವಾದ ಫೀನಿಕ್ಸ್ ದೂರದ ನಕ್ಷತ್ರವೊಂದನ್ನು ನುಂಗುತ್ತಾಳೆ. ಆ ನಕ್ಷತ್ರವನ್ನು ಸುತ್ತುತ್ತಿದ್ದ ಗ್ರಹದಲ್ಲಿ ಐನೂರು ಕೋಟಿ ಜೀವಿಗಳಿದ್ದವು.

ಕ್ಲೇರ್‌ಮಾಂಟ್ ಮತ್ತು ಬರ್ನ್ ಮೊದಲು ಕಲ್ಪಿಸಿದ್ದ ಅಂತ್ಯದಲ್ಲಿ ಜೀನ್ ಸಾಯುವುದಿಲ್ಲ. ಅವಳ ಶಕ್ತಿಯನ್ನೆಲ್ಲ ಕಿತ್ತುಕೊಂಡು ಅವಳನ್ನು ಸಾಮಾನ್ಯ ಹೆಂಗಸಾಗಿ ಬಿಟ್ಟುಬಿಡುತ್ತಾರೆ. ಶೂಟರನು ಇದಕ್ಕೆ ಒಪ್ಪಲಿಲ್ಲ. ಐನೂರು ಕೋಟಿ ಜೀವಗಳನ್ನು ಕೊಂದವಳು ಏನೂ ಆಗದವಳಂತೆ ಮನೆಗೆ ಹೋದರೆ ಈ ಕಥೆಯಲ್ಲಿ ಧರ್ಮವೆಲ್ಲಿ ಉಳಿಯಿತೆಂಬುದು ಅವನ ಆಕ್ಷೇಪದ ಸಾರ. ಚಿತ್ರಗಳು ಸಿದ್ಧವಾಗಿದ್ದರೂ ಕೊನೆಯ ಪುಟಗಳನ್ನು ಹೊಸದಾಗಿ ಬರೆದು ಬಿಡಿಸಬೇಕಾಯಿತು. ಕೈಬಿಟ್ಟ ಅಂತ್ಯವನ್ನು ಸಂಸ್ಥೆಯವರೇ 1984ರಲ್ಲಿ ಪ್ರತ್ಯೇಕವಾಗಿ ಅಚ್ಚು ಹಾಕಿದುದರಿಂದ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಿದೆ. ನೋಡಿದವನಿಗೆ ಶೂಟರನು ಸರಿಯೆಂಬುದರಲ್ಲಿ ಸಂಶಯವುಳಿಯದು.

ಕೈಯನ್ನು ಎರಡನೆಯ ಸಲ ಒರೆಸಿಕೊಂಡು ನಾನು ಆ ಪುಟಗಳನ್ನು ನೋಡಿದೆನು. ಚಂದ್ರನ ಮೇಲೆ ಕಾಳಗ ನಡೆದು, ಗೆಳೆಯರೆಲ್ಲ ಒಬ್ಬೊಬ್ಬರಾಗಿ ಬಿದ್ದು, ಸ್ಕಾಟ್ ಮತ್ತು ಜೀನ್ ಇಬ್ಬರೇ ಉಳಿದಿದ್ದಾರೆ. ಅವಳು ತೊಟ್ಟಿರುವುದು ಫೀನಿಕ್ಸಳ ವೇಷವನ್ನಲ್ಲ. ಹಳೆಯ ಕಾಲದ, ಶಾಲೆಯ ಹುಡುಗಿಯಾಗಿದ್ದಾಗಿನ ಹಸುರು ಉಡುಪನ್ನು. ಒಳಗಿನ ಶಕ್ತಿ ಮತ್ತೆ ಏಳುತ್ತಿರುವುದನ್ನು ಅರಿತು, ಅವನು ಹತ್ತಿರ ಬಾರದಂತೆ ತನ್ನ ಮನೋಬಲದಿಂದಲೇ ಅವನನ್ನು ನಿಂತಲ್ಲಿ ತಡೆದು, ಅಲ್ಲಿ ಹುದುಗಿದ್ದ ಪುರಾತನವಾದ ಅಸ್ತ್ರವೊಂದರ ಎದುರಿಗೆ ತಾನಾಗಿಯೇ ಹೋಗಿ ನಿಲ್ಲುತ್ತಾಳೆ. ಬೆಳಕು ಹೊಮ್ಮಿ ಆರುತ್ತದೆ. ಸ್ಕಾಟ್ ಮೊಣಕಾಲೂರುತ್ತಾನೆ. ಅಗ್ಗದ ಕಾಗದ, ನಾಲ್ಕೇ ಬಣ್ಣ, ಹತ್ತಿರದಿಂದ ನೋಡಿದರೆ ಚುಕ್ಕೆ ಚುಕ್ಕೆಯಾಗಿ ಒಡೆದುಹೋಗುವ ಕೆಂಪು. ಮಾತು ಸ್ವಲ್ಪ ಹೆಚ್ಚೇ ಆಯಿತೆನ್ನಬೇಕು, ಕ್ಲೇರ್‌ಮಾಂಟನಿಗೆ ಮೌನದಲ್ಲಿ ನಂಬಿಕೆ ಕಡಮೆ. ಆದರೆ ಆ ಹಸುರು ಉಡುಪನ್ನು ನೆನಪಿಟ್ಟು ತಂದವನು ಓದುಗನ ಎದೆಯನ್ನು ಬಲ್ಲವನು. ಹದಿನೇಳು ವರ್ಷಗಳ ಕಥೆಯನ್ನು ಓದಿದವನಿಗೆ ಮಾತ್ರ ಆ ಬಟ್ಟೆಯ ಅರ್ಥವಾದೀತು.

"ಎಷ್ಟು ದಿನ ಅತ್ತೆಯೋ?" ಎಂದು ಕೇಳಿದೆನು.

"ಅಳಲಿಲ್ಲ ಮಾವ. ಒಂದು ಕಾಗದ ಬರೆದೆ. ಎಂಟು ಪುಟ."

ಆ ಕಾಗದವು ಅಚ್ಚಾಗಲಿಲ್ಲ. ಅಂಥವು ಅಸಂಖ್ಯಾತವಾಗಿ ಹೋಗಿದ್ದುವು. ಮುಂದಿನ ಸಂಚಿಕೆಗಳ ಪತ್ರಪುಟಗಳಲ್ಲಿ ದುಃಖವೂ ಕೋಪವೂ ತುಂಬಿ ಹರಿದವು.

ಅಂದು ದುಃಖಪಟ್ಟ ತರುಣರಲ್ಲಿ ಕರ್ಟ್ ಬ್ಯುಸಿಕ್ ಎಂಬ ಕಾಲೇಜು ವಿದ್ಯಾರ್ಥಿಯೂ ಇದ್ದನು. ಜೀನ್‌ಳನ್ನು ಬದುಕಿಸಬೇಕು, ಆದರೆ ಐನೂರು ಕೋಟಿ ಜೀವಗಳ ಪಾಪ ಅವಳಿಗೆ ತಟ್ಟಬಾರದು. ಇದು ಹೇಗೆ ಸಾಧ್ಯವೆಂದು ಅವನು ಯೋಚಿಸಿ ಒಂದು ಯುಕ್ತಿಯನ್ನು ಕಂಡುಕೊಂಡನು. ನಕ್ಷತ್ರವನ್ನು ನುಂಗಿದವಳೂ ಚಂದ್ರನ ಮೇಲೆ ಸತ್ತವಳೂ ಜೀನ್ ಅಲ್ಲವೇ ಅಲ್ಲ, ಅವಳ ರೂಪವನ್ನು ತಾಳಿದ್ದ ಒಂದು ವಿಶ್ವಶಕ್ತಿ. ನಿಜವಾದ ಜೀನ್ ಅಂದಿನಿಂದಲೂ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಗೂಡಿನೊಳಗೆ ನಿದ್ರಿಸುತ್ತಿದ್ದಾಳೆ! ರಾವಣನು ಒಯ್ದದ್ದು ಮಾಯಾಸೀತೆಯನ್ನು, ನಿಜವಾದ ಸೀತೆಯು ಅಗ್ನಿಯಲ್ಲಿ ಸುರಕ್ಷಿತಳಾಗಿದ್ದಳೆಂದು ಸಮಾಧಾನ ಕಂಡುಕೊಂಡ ಭಕ್ತರ ಪರಂಪರೆಯಲ್ಲಿ ಹುಟ್ಟಿದ ನಮಗೆ ಈ ಯುಕ್ತಿಯ ಮರ್ಮವು ಕೂಡಲೇ ತಿಳಿಯುತ್ತದೆ. ಹಿಂದೆ ನಡೆದದ್ದರ ಅರ್ಥವನ್ನು ಇಂದು ಬದಲಿಸುವ ಇಂಥ ತಂತ್ರಕ್ಕೆ ಅಭಿಮಾನಿಗಳ ಭಾಷೆಯಲ್ಲಿ ರೆಟ್‌ಕಾನ್ ಎಂದು ಹೆಸರು. ಬ್ಯುಸಿಕ್ ಇದನ್ನು ಲೇಖಕ ರೋಜರ್ ಸ್ಟರ್ನ್‌ಗೆ ಹೇಳಿದನು, ಅವನು ಬರ್ನ್‌ಗೆ ಹೇಳಿದನು. ಅಭಿಮಾನಿಯ ಮನೋರಾಜ್ಯದ ಈ ಕಲ್ಪನೆಯು 1986ರಲ್ಲಿ ಮಾರ್ವೆಲ್‌ನ ಅಧಿಕೃತ ಕಥೆಯೇ ಆಗಿ ಅಚ್ಚಾಯಿತು. ಜೀನ್ ಗೂಡಿನಿಂದ ಹೊರಬಂದಳು.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡಬೇಕಾಗಿಲ್ಲ. ಯುಕ್ತಿಯು ಚತುರವಾದುದು, ಕಥಾಸಾತತ್ಯಕ್ಕೆ ಎಲ್ಲಿಯೂ ಭಂಗವಿಲ್ಲ, ಲಕೋಟೆಯ ಬಹುಮಾನಕ್ಕೆ ನಿಸ್ಸಂದೇಹವಾಗಿ ಅರ್ಹವಾದುದು. ಆದರೂ ಅದು ಮಾಡಬಾರದ ಕೆಲಸ. ತನ್ನ ಪಾಪವನ್ನರಿತು ತಾನಾಗಿಯೇ ಸಾವನ್ನು ವರಿಸಿದ ಹೆಂಗಸೊಬ್ಬಳು ನಮ್ಮ ಕಣ್ಣೆದುರಿನಲ್ಲಿ ದುರಂತನಾಯಕಿಯ ಎತ್ತರಕ್ಕೆ ಏರಿದ್ದಳು. ಪ್ರೀತಿಯು ಅವಳನ್ನು ಬದುಕಿಸುವ ಆತುರದಲ್ಲಿ ಆ ಎತ್ತರದಿಂದ ಇಳಿಸಿಬಿಟ್ಟಿತು. ಅವಳು ಮಾಡಿದ ತ್ಯಾಗವೂ ಅವಳದಲ್ಲವಾಯಿತು. ಇದರ ಜೊತೆಗೆ ಇನ್ನೊಂದು ಅನ್ಯಾಯ ನಡೆಯಿತು. ಅಷ್ಟರಲ್ಲಿ ಕ್ಲೇರ್‌ಮಾಂಟನು ಸ್ಕಾಟ್‌ಗೆ ಮದುವೆ ಮಾಡಿಸಿ, ಮಗುವನ್ನೂ ಕೊಟ್ಟು, ಗೃಹಸ್ಥನನ್ನಾಗಿ ಮಾಡಿದ್ದನು. ಹೊಸ ಸರಣಿಯ ಅವಶ್ಯಕತೆಗಾಗಿ ಆ ಮಹಾಶಯನು ಹೆಂಡತಿ ಮಗುವನ್ನು ಬಿಟ್ಟು ಜೀನ್‌ಳ ಬಳಿಗೆ ಓಡಿಬಂದನು. ಓದುಗರು ಅವನನ್ನು ಇಂದಿಗೂ ಕ್ಷಮಿಸಿಲ್ಲ. ಈ ಮಾತು ಬಂದಾಗ ನನ್ನ ಸೋದರಳಿಯನ ದನಿ ಏರಿದ ರೀತಿಯನ್ನು ಕೇಳಿದ್ದರೆ, ನಮ್ಮ ಬಂಧುವರ್ಗದಲ್ಲಿಯೇ ಯಾರೋ ಅಂಥ ಕೆಲಸ ಮಾಡಿರಬೇಕೆಂದು ನೀವು ತಿಳಿಯುತ್ತಿದ್ದಿರಿ.

ಉಳಿದ ಇತಿಹಾಸವನ್ನು ಬೇಗನೆ ಹೇಳಿ ಮುಗಿಸಬಹುದು. ಬ್ರೂಕ್ಲಿನ್ನಿನಲ್ಲಿ ಶಾಲಾ ಮೇಷ್ಟ್ರಾಗಿದ್ದ ಫಿಲ್ ಸ್ಯೂಲಿಂಗ್ ಎಂಬ ಅಭಿಮಾನಿಯು 1970ರ ದಶಕದ ಆರಂಭದಲ್ಲಿ ಕಾಮಿಕ್ಸ್‌ಗೇ ಮೀಸಲಾದ ಅಂಗಡಿಗಳಿಗೆ ಪ್ರಕಾಶಕರಿಂದ ನೇರವಾಗಿ ಪುಸ್ತಕ ಒದಗಿಸುವ ಏರ್ಪಾಡನ್ನು ಮಾಡಿದನು. ಔಷಧದ ಅಂಗಡಿಯ ತಂತಿಯ ಕಪಾಟು ಮೆಲ್ಲಮೆಲ್ಲನೆ ಕಣ್ಮರೆಯಾಗಿ, ಮಾರಾಟವು ಅಭಿಮಾನಿಗಳ ಅಂಗಡಿಗಳಿಗೆ ಸರಿಯಿತು. ಹಳೆಯ ಸಂಚಿಕೆಗಳಿಗೆ ಬೆಲೆ ಬರುತ್ತದೆಂಬ ಸುದ್ದಿ ಹರಡಿ, ಓದದೆಯೇ ಕೊಳ್ಳುವ ವರ್ಗವೊಂದು ಹುಟ್ಟಿಕೊಂಡಿತು. 1991ರಲ್ಲಿ ಎಕ್ಸ್-ಮೆನ್ ಹೆಸರಿನಲ್ಲಿಯೇ ಇನ್ನೊಂದು ಸರಣಿಯನ್ನು ಹೊರಡಿಸಿ, ಅದರ ಮೊದಲ ಸಂಚಿಕೆಗೆ ಐದು ಬಗೆಯ ಮುಖಪುಟಗಳನ್ನು ಹೊದಿಸಿದಾಗ, ಎಂಬತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಅಂಗಡಿಗಳಿಗೆ ಹೋದವು. ಕಾಮಿಕ್ಸ್ ಪುಸ್ತಕವೊಂದಕ್ಕೆ ಅದು ದಾಖಲೆ. ಅದರ ಮೂರು ಸಂಚಿಕೆಗಳನ್ನು ಬರೆದು ಕ್ಲೇರ್‌ಮಾಂಟನು ಹೊರಟುಹೋದನು. ಆ ಮೊದಲ ಸಂಚಿಕೆಯನ್ನು ಮಕ್ಕಳ ಕಾಲೇಜಿನ ಖರ್ಚಿಗಾದೀತೆಂದು ಹತ್ತು ಹತ್ತು ಪ್ರತಿ ಕೊಂಡಿಟ್ಟವರ ಕೈಗೆ ಇಂದು ಮುದ್ರಿತ ಬೆಲೆಗಿಂತ ಹೆಚ್ಚೇನೂ ಸಿಕ್ಕುವುದಿಲ್ಲ. ಅಲಭ್ಯವಾದುದಕ್ಕೆ ಬೆಲೆಯೇ ಹೊರತು, ಎಲ್ಲರ ಅಟ್ಟದ ಮೇಲೂ ಇರುವುದಕ್ಕಲ್ಲ. ನನ್ನ ಸೋದರಳಿಯನ ಬಳಿ ಅದರ ಒಂದೇ ಪ್ರತಿಯಿದೆ, ಅದೂ ಹಾಳೆಯ ಮೂಲೆ ಮಡಿಸಿದ್ದು.

ಈ ಸರಣಿಯನ್ನು ನೋಡಬೇಕೆಂಬ ಕುತೂಹಲ ಯಾರಿಗಾದರೂ ಹುಟ್ಟಿದರೆ ಒಂದು ಮಾತನ್ನು ಕೇಳಿರಿ. ಹಳೆಯ ಸಂಚಿಕೆಗಳೆಲ್ಲ ಈಗ ದಪ್ಪ ಸಂಪುಟಗಳಾಗಿ ಬಂದಿವೆ. ಮೊದಲನೆಯ ಸಂಚಿಕೆಯಿಂದ ತೊಡಗುವ ಆವಶ್ಯಕತೆಯಿಲ್ಲ; 1975ರ ವಿಶೇಷ ಸಂಚಿಕೆಯಿಂದ ಹಿಡಿದು 137ರವರೆಗೆ ಸಾವಧಾನವಾಗಿ ಓದಿರಿ. ಮುಂದಿನ 138ನೆಯ ಸಂಚಿಕೆಯು ಜೀನ್‌ಳ ಗೋರಿಯ ಬಳಿ ಆರಂಭವಾಗುತ್ತದೆ. ಸ್ಕಾಟ್ ಅಲ್ಲಿ ನಿಂತು ಮೊದಲ ದಿನದಿಂದ ನಡೆದದ್ದನ್ನೆಲ್ಲ ನೆನೆಯುತ್ತಾನೆ, ಶಾಲೆಯನ್ನು ಬಿಟ್ಟು ಹೊರಡುತ್ತಾನೆ. ಅದರ ಕೊನೆಯಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ಶಾಲೆಗೆ ಹೊಸದಾಗಿ ಸೇರಲು ಬರುತ್ತಾಳೆ. ಸಂಪುಟದಲ್ಲಿ ಈ ಎರಡು ಸಂಚಿಕೆಗಳ ನಡುವೆ ಇರುವುದು ಒಂದೇ ಹಾಳೆ. ಅದನ್ನು ಆಗಲೇ ತಿರುವಬೇಡಿರಿ. ಪುಸ್ತಕವನ್ನು ಮುಚ್ಚಿಟ್ಟು ಒಂದು ತಿಂಗಳು ಕಾಯಿರಿ. ಮೊದಲ ಓದುಗರೆಲ್ಲರೂ ಅಷ್ಟು ದಿನ ಕಾದಿದ್ದರು.